ವಿದೇಶಿ ಸರ್ಕಾರಿ ಪ್ರಚಾರ ಮತ್ತು ಕನ್ನಡ ಓದುಗರು

ಈ ವಿಷಯದ ಬರಹಗಳಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ: ಸುದ್ದಿಯ ಹಿಂದೆ ಯಾರ ಹಣವಿತ್ತು ಎಂಬುದು ಒಂದು, ಓದಿದವರ ಮನಸ್ಸು ಅದರಿಂದ ಬದಲಾಯಿತೆ ಎಂಬುದು ಇನ್ನೊಂದು. ಕನ್ನಡದ ಮಟ್ಟಿಗೆ ಮೊದಲ ಅಧ್ಯಾಯ ಬಚ್ಚಿಟ್ಟದ್ದೇನಲ್ಲ. ಸೋವಿಯತ್ ರಾಯಭಾರ ಕಚೇರಿಯ 'ಸೋವಿಯತ್ ಲ್ಯಾಂಡ್' ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು, ಮಾಸ್ಕೋ ರೇಡಿಯೊ ಕನ್ನಡದಲ್ಲಿ ಮಾತಾಡುತ್ತಿತ್ತು, 1960ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನವಕರ್ನಾಟಕ ಪ್ರಕಾಶನ ಅಗ್ಗದ ಸೋವಿಯತ್ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸಿತು. ಕಳಿಸಿದವರ ಹೆಸರು ರಕ್ಷಾಪುಟದ ಮೇಲೆಯೇ ಇರುತ್ತಿತ್ತು. ಒಪ್ಪುವುದು ಬಿಡುವುದು ಓದುಗರ ಕೈಯಲ್ಲಿತ್ತು.

ಹೆಸರು ಮರೆಸಿದ ಪ್ರಚಾರದ ಕಥೆ ಬೇರೆ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಮಾಜಿ ದಾಖಲೆಪಾಲಕ ಮಿತ್ರೋಖಿನ್ ಹೊರತಂದ ದಾಖಲೆಗಳನ್ನು ಆಧರಿಸಿದ 2005ರ ಪುಸ್ತಕದ ಪ್ರಕಾರ, 1972ರಲ್ಲಿ ಭಾರತದ ಪತ್ರಿಕೆಗಳಲ್ಲಿ 3,789 ಬರಹಗಳನ್ನು ಹಾಕಿಸಿದ್ದಾಗಿ ಕೆಜಿಬಿ ಲೆಕ್ಕ ಕೊಟ್ಟಿತ್ತು. 1975ರ ಹೊತ್ತಿಗೆ ಅದು 5,510. ಈ ಅಂಕಿಗಳನ್ನು ಪ್ರಭಾವದ ಅಳತೆಯೆಂದು ಉಲ್ಲೇಖಿಸುವುದು ರೂಢಿ. ಆದರೆ ಇವು ಮೇಲಧಿಕಾರಿಗಳನ್ನು ಮೆಚ್ಚಿಸಲು ಬರೆದ ವರದಿಗಳ ಅಂಕಿಗಳೂ ಆಗಿರಬಹುದು, ಅಚ್ಚಾದದ್ದೆಲ್ಲ ನಂಬಿಕೆಯಾಗುವುದಿಲ್ಲ. ಹಾಗಾದರೆ ಪ್ರಭಾವವೇ ಇರಲಿಲ್ಲವೆ? ಇತ್ತು, ಆದರೆ ದಾರಿ ಸುತ್ತಿನದು. ಏಡ್ಸ್ ರೋಗಾಣು ಅಮೆರಿಕದ ಸೇನೆಯ ಸೃಷ್ಟಿ ಎಂಬ ಅನಾಮಧೇಯ ಪತ್ರ 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಬಂದಾಗ ಹೆಚ್ಚು ಜನ ಗಮನಿಸಲಿಲ್ಲ. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದೇ ಭಾರತೀಯ ಪತ್ರಿಕೆಯನ್ನು ಆಧಾರವಾಗಿ ತೋರಿಸಿದ ಮೇಲೆ ಸುಳ್ಳು ಹತ್ತಾರು ದೇಶಗಳನ್ನು ಸುತ್ತಿತು. ತಾನೇ ನೆಟ್ಟದ್ದನ್ನು ಬೇರೆಯವರ ಹಿತ್ತಲಿನ ಫಲವೆಂದು ಕಿತ್ತು ತೋರಿಸುವ ಈ ಉಪಾಯವೇ ಇಂದಿನ ಜಾಲತಾಣಗಳಿಗೂ ಮಾದರಿ.

ಆನ್‌ಲೈನ್ ಕಾಲದಲ್ಲಿ ಗೊಂದಲ ಹೆಚ್ಚಿದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಕನ್ನಡದಲ್ಲೂ ಇದ್ದ, ಚೀನಾದ ಬೈಟ್‌ಡಾನ್ಸ್ ಕಂಪನಿಯ 'ಹೆಲೊ' ಸೇರಿತ್ತು. ಇದನ್ನು ಪ್ರಚಾರದ ವಿರುದ್ಧದ ಕ್ರಮವೆಂದು ಹೇಳುವವರಿದ್ದಾರೆ. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿ ಸೋರಿಕೆಯದು. ಒಡೆತನವೇ ಅಪಾಯವಲ್ಲವೆ ಎಂಬ ಆಕ್ಷೇಪದಲ್ಲಿ ತಿರುಳಿದೆ. ಆದರೂ ಒಡೆತನ ಸಂಶಯಕ್ಕೆ ಕಾರಣವಾದೀತೇ ಹೊರತು ಯಾವ ಸುದ್ದಿಯನ್ನು ಯಾರು ತಿರುಚಿದರು ಎಂಬುದಕ್ಕೆ ಸಾಕ್ಷಿಯಾಗದು. ಹಣದ ಆರೋಪಕ್ಕೂ ಇದೇ ಮಾತು ಅನ್ವಯ. ಚೀನಾಪರ ಪ್ರಚಾರಕ್ಕೆ ಹಣ ಪಡೆದ ಆರೋಪ ಎದುರಿಸಿದ 'ನ್ಯೂಸ್‌ಕ್ಲಿಕ್' ಸುದ್ದಿತಾಣದ ಸಂಪಾದಕರ ಬಂಧನವನ್ನು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡದ ಲೋಪ ಅದಕ್ಕೆ ಆಧಾರ. ಆರೋಪದ ಸತ್ಯಾಸತ್ಯ ಆ ತೀರ್ಪಿನ ವಿಷಯವಾಗಿರಲಿಲ್ಲ. ಕಾನೂನು ಕಟ್ಟಿದ ಬೇಲಿಯಂತೂ ಒಡೆತನದ ಸುತ್ತಲೇ ಇದೆ: ಸುದ್ದಿಪತ್ರಿಕೆಗಳಿಗೆ 2002ರಲ್ಲಿ ಗೊತ್ತುಮಾಡಿದ ಶೇ. 26ರ ವಿದೇಶಿ ಬಂಡವಾಳದ ಮಿತಿಯನ್ನೇ 2019ರಲ್ಲಿ ಡಿಜಿಟಲ್ ಸುದ್ದಿಗೂ ವಿಧಿಸಲಾಯಿತು.