ವೀರ್ಯಾಣು ಸಂಸ್ಕರಣ: ವಿಧಾನಗಳ ಚರಿತ್ರೆ

ವೀರ್ಯದಲ್ಲಿ ಬೆರೆತಿರುವ ಶುಕ್ಲದ್ರವ, ಬಿಳಿಯ ರಕ್ತಕಣ, ಮೃತವೂ ಅಪಕ್ವವೂ ಆದ ಕೋಶ, ಸೂಕ್ಷ್ಮಜೀವಿ ಮೊದಲಾದುವನ್ನು ತೊಲಗಿಸಿ, ಚೆನ್ನಾಗಿ ಚಲಿಸಬಲ್ಲ ವೀರ್ಯಾಣುಗಳನ್ನು ಬೇರ್ಪಡಿಸಿ, ಗರ್ಭಾಶಯದೊಳಕ್ಕೆ ಸೇರಿಸುವುದಕ್ಕಾಗಲಿ ಪ್ರಯೋಗಶಾಲೆಯಲ್ಲಿ ಅಂಡದೊಡನೆ ಕೂಡಿಸುವುದಕ್ಕಾಗಲಿ ಅಣಿಗೊಳಿಸುವ ಕ್ರಮಗಳಿಗೆಲ್ಲ ಒಟ್ಟಾಗಿ ವೀರ್ಯಾಣು ಸಂಸ್ಕರಣವೆಂದು ಹೆಸರು. ಸ್ತ್ರೀದೇಹದಲ್ಲಿ ಈ ಕಾರ್ಯವನ್ನು ಗರ್ಭಕೊರಳಿನ ಲೋಳೆಯೇ ಬಹುಮಟ್ಟಿಗೆ ನಿರ್ವಹಿಸುತ್ತದೆ. ಕೋಟಿಗಟ್ಟಲೆ ಹೊರಟ ವೀರ್ಯಾಣುಗಳಲ್ಲಿ ಅಂಡದ ಸಮೀಪಕ್ಕೆ ತಲಪುವುವು ಕೆಲವೇ ನೂರು, ಶುಕ್ಲದ್ರವವಂತೂ ಯೋನಿಯಲ್ಲಿಯೇ ಉಳಿದುಬಿಡುತ್ತದೆ. ಆ ಲೋಳೆಯನ್ನು ದಾಟಿಸಿ ಹಸಿಯ ವೀರ್ಯವನ್ನೇ ಗರ್ಭಾಶಯಕ್ಕೆ ಹೊಗಿಸಿದರೆ ಶುಕ್ಲದ್ರವದಲ್ಲಿನ ಪ್ರೋಸ್ಟಗ್ಲಾಂಡಿನ್‌ಗಳಿಂದ ತೀವ್ರವಾದ ನುಲಿನೋವು ಉಂಟಾಗುವುದು. ಆದುದರಿಂದ ತೊಳೆಯುವುದು ಈ ವಿದ್ಯೆಯ ಮೊದಲ ಪ್ರಯೋಜನ, ಆರಿಸುವುದು ಎರಡನೆಯದು. ಮೊದಲನೆಯದು ದೃಢವಾಗಿ ಸಾಧಿತವಾದಂತೆ ಎರಡನೆಯದು ಇಂದಿಗೂ ಆಗಿಲ್ಲವೆಂಬುದನ್ನು ಮುಂದೆ ಕಾಣಬಹುದು.

ವೀರ್ಯಾಣುವನ್ನು ಡೆಲ್ಫ್ಟ್ ನಗರದ ಲೇವನ್‌ಹುಕ್ 1677ರಲ್ಲಿ ತನ್ನ ಸೂಕ್ಷ್ಮದರ್ಶಕದಡಿ ಕಂಡನಾದರೂ, ಅದನ್ನು ದ್ರವದಿಂದ ಬೇರ್ಪಡಿಸಿ ನೋಡುವ ಯತ್ನ ನಡೆದುದು ಅಲ್ಲಿಂದ ಸರಿಸುಮಾರು ನೂರು ವರ್ಷಗಳ ಮೇಲೆ. ಇಟಲಿಯ ಪಾವಿಯಾದಲ್ಲಿ ಅಧ್ಯಾಪಕನಾಗಿದ್ದ ಪಾದ್ರಿ ಲಝಾರೊ ಸ್ಪಲಾಂಜಾನಿ, ಗಂಡುಕಪ್ಪೆಗಳಿಗೆ ಟ್ಯಾಫೆಟಾ ಬಟ್ಟೆಯ ಪುಟ್ಟ ಚಡ್ಡಿಗಳನ್ನು ತೊಡಿಸಿ, ಹೆಣ್ಣಿನ ಮೊಟ್ಟೆಗಳಿಗೆ ವೀರ್ಯ ತಗಲದಂತೆ ಮಾಡಿದರೆ ಅವು ಮರಿಯಾಗುವುದಿಲ್ಲವೆಂದು ತೋರಿಸಿದ ವಿನೋದಪ್ರಜ್ಞನಾದ ಪ್ರಯೋಗಿ; 1780ರಲ್ಲಿ ಹೆಣ್ಣುನಾಯಿಯೊಂದಕ್ಕೆ ಕೃತಕವಾಗಿ ವೀರ್ಯವನ್ನು ಸೇರಿಸಿ, ಅರವತ್ತೆರಡು ದಿನಗಳ ಬಳಿಕ ಮೂರು ಮರಿಗಳನ್ನು ಪಡೆದವನೂ ಇವನೇ. ಕಪ್ಪೆಯ ವೀರ್ಯವನ್ನು ಹೀರುಕಾಗದದ ಪದರಗಳ ಮೂಲಕ ಸೋಸಿದಾಗ, ಪದರಗಳು ಹೆಚ್ಚಿದಂತೆಲ್ಲ ಕೆಳಗಿಳಿದ ದ್ರವದ ಫಲೀಕರಣಶಕ್ತಿ ಕುಂದುತ್ತ ಬಂದು ಕೊನೆಗೆ ಇಲ್ಲವಾಯಿತು. ಕಾಗದದಲ್ಲಿ ನಿಂತುದನ್ನು ನೀರಿನಲ್ಲಿ ತೊಳೆದಾಗ ಆ ಶಕ್ತಿ ನೀರಿಗೆ ಬಂದಿತು. ಉತ್ತರವು ಕೈಯಲ್ಲೇ ಇದ್ದಿತು. ಆದರೂ ಗರ್ಭವು ಅಂಡದೊಳಗೆ ಮೊದಲೇ ರೂಪುಗೊಂಡಿರುವುದೆಂಬ ಅಂದಿನ ಸಿದ್ಧಾಂತಕ್ಕೆ ಒಳಗಾಗಿದ್ದ ಸ್ಪಲಾಂಜಾನಿ, ಈಜಾಡುವ ಆ ಸೂಕ್ಷ್ಮಜೀವಿಗಳಿಗೆ ಸಂತಾನದ ಕಾರ್ಯದಲ್ಲಿ ಪಾತ್ರವಿಲ್ಲವೆಂದೇ ನಂಬಿ ಉಳಿದನು. ಅದೇ ಸೋಸುವ ಪ್ರಯೋಗವನ್ನು 1824ರಲ್ಲಿ ಮತ್ತೆ ನಡೆಸಿದ ಪ್ರೆವೊ ಮತ್ತು ಡ್ಯುಮಾ, ಕಾಗದದ ಮೇಲೆ ನಿಂತುದೇ ಬೀಜವೆಂದು ನಿರ್ಣಯಿಸಿದರು.

ಇಷ್ಟಾದರೂ ಮುಂದಿನ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಮಾನವ ಚಿಕಿತ್ಸೆಯಲ್ಲಿ ಹಸಿಯ ವೀರ್ಯವನ್ನೇ ಬಳಸುತ್ತ ಬಂದರು. ಶುಕ್ಲದ್ರವವನ್ನು ತೆಗೆಯುವುದು ಏಕೆ ಅವಶ್ಯವೆಂಬುದಕ್ಕೆ ಶಾಸ್ತ್ರೀಯವಾದ ಕಾರಣ ದೊರೆತುದು 1951ರಲ್ಲಿ: ಅಮೆರಿಕದಲ್ಲಿ ಮಿನ್ ಚುವೆ ಚಾಂಗ್, ಆಸ್ಟ್ರೇಲಿಯದಲ್ಲಿ ಕಾಲಿನ್ ಆಸ್ಟಿನ್, ಒಬ್ಬರನ್ನೊಬ್ಬರು ಅವಲಂಬಿಸದೆಯೇ, ವೀರ್ಯಾಣುವು ಸ್ತ್ರೀಯ ಜನನಮಾರ್ಗದಲ್ಲಿ ಕೆಲವು ಕಾಲ ಕಳೆದ ಮೇಲಲ್ಲದೆ ಅಂಡವನ್ನು ಭೇದಿಸುವ ಅರ್ಹತೆಯನ್ನು ಪಡೆಯುವುದಿಲ್ಲವೆಂದು ಕಂಡುಹಿಡಿದರು. ಆ ಅರ್ಹತೆಯನ್ನು ಶುಕ್ಲದ್ರವವು ಪುನಃ ಅಪಹರಿಸಬಲ್ಲುದೆಂಬುದನ್ನೂ ಚಾಂಗ್ 1957ರಲ್ಲಿ ತೋರಿಸಿದನು. ಮಾನವ ಅಂಡದ ಫಲೀಕರಣವು ಗಾಜಿನ ಪಾತ್ರೆಯಲ್ಲಿ ಆರಂಭವಾದುದನ್ನು ಎಡ್ವರ್ಡ್ಸ್, ಬ್ಯಾವಿಸ್ಟರ್ ಮತ್ತು ಸ್ಟೆಪ್ಟೊ 1969ರಲ್ಲಿ ಪ್ರಕಟಿಸಿದರು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಅಂದಿನಿಂದ ವೀರ್ಯದ ತಯಾರಿಕೆ ನಿತ್ಯದ ಪ್ರಯೋಗಶಾಲಾ ಕರ್ಮವಾಯಿತು.

ಮೊದಮೊದಲಿಗೆ ರೂಢಿಯಲ್ಲಿದ್ದುದು ಸರಳವಾದ ಮಾರ್ಗ: ವೀರ್ಯವನ್ನು ಪೋಷಕದ್ರವದಲ್ಲಿ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಸಿಯ ಮೇಲೆ ಹೊಸ ದ್ರವವನ್ನು ಎರೆದು, ಬಲಿಷ್ಠವಾದುವು ಮೇಲಕ್ಕೆ ಈಜಿ ಬರುವುದನ್ನು ಕಾಯುವುದು. ಸ್ವಿಮ್-ಅಪ್ ಎಂದೇ ಪ್ರಸಿದ್ಧವಾದ ಇದರಲ್ಲಿ ಒಂದು ದೋಷವಡಗಿತ್ತು. ಗಸಿಯಲ್ಲಿ ಸತ್ತ ಕೋಶಗಳೂ ಬಿಳಿಯ ಕಣಗಳೂ ವೀರ್ಯಾಣುಗಳೊಡನೆ ಒತ್ತಾಗಿ ಕೂಡಿಕೊಂಡಾಗ ಹುಟ್ಟುವ ಉಗ್ರವಾದ ಆಮ್ಲಜನಕ ಸಂಯುಕ್ತಗಳು ಆರೋಗ್ಯವಂತ ವೀರ್ಯಾಣುಗಳನ್ನೂ ಕೆಡಿಸುತ್ತವೆಂದು ಐಟ್ಕೆನ್ ಮತ್ತು ಕ್ಲಾರ್ಕ್‌ಸನ್ 1988ರಲ್ಲಿ ತೋರಿಸಿದರು. ಶುದ್ಧಿಗೊಳಿಸುವ ಕ್ರಿಯೆಯೇ ಹಾನಿಗೊಳಿಸುತ್ತಿತ್ತೆಂಬ ಈ ಅರಿವು, ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ತೋರುತ್ತದೆ. ಬಳಿಕ ತಿರುಗಿಸದೆಯೇ, ವೀರ್ಯದ ಮೇಲೆ ನೇರವಾಗಿ ದ್ರವವನ್ನು ನಿಲ್ಲಿಸಿ, ನಳಿಕೆಯನ್ನು 45 ಡಿಗ್ರಿ ಓರೆಯಾಗಿಟ್ಟು, 37 ಡಿಗ್ರಿ ಉಷ್ಣದಲ್ಲಿ ಒಂದು ಗಂಟೆ ಬಿಡುವ ಕ್ರಮವು ಮೇಲೆನಿಸಿತು.

ಇನ್ನೊಂದು ದಾರಿ ಸಾಂದ್ರತೆಯದು. ಮೊರದಲ್ಲಿ ಕೇರಿದಾಗ ಗಟ್ಟಿಕಾಳು ನಿಂತು ಜೊಳ್ಳು ಹಾರುವಂತೆ, ವರ್ಣತಂತುಗಳು ಬಿಗಿಯಾಗಿ ಅಡಕವಾದ ಪಕ್ವ ವೀರ್ಯಾಣು ದಟ್ಟವಾದ ದ್ರವವನ್ನೂ ಭೇದಿಸಿ ತಳಕ್ಕಿಳಿಯುತ್ತದೆ, ಅಪಕ್ವವಾದುದೂ ಕಸವೂ ಮೇಲೆಯೇ ತಡೆಯುತ್ತವೆ. ಸ್ವೀಡನ್ನಿನಲ್ಲಿ 1977ರ ಸುಮಾರಿಗೆ ಬಂದ ಪರ್ಕಾಲ್ ಎಂಬ ಸಿಲಿಕಾ ಕಣಗಳ ದ್ರವವು ಇದಕ್ಕೆ ಅತ್ಯುಚಿತವಾಗಿ ಒದಗಿ ಬಂದು, ಮುಂದಿನ ದಶಕದಲ್ಲಿ ಎಲ್ಲೆಡೆ ಹಬ್ಬಿತು. 1996ರಲ್ಲಿ ತಯಾರಕರು ಅದನ್ನು ಮಾನವ ಚಿಕಿತ್ಸೆಗೆ ಬಳಸಬಾರದೆಂದು ಹಿಂತೆಗೆದುಕೊಂಡ ಮೇಲೆ, ಸಿಲೇನ್ ಲೇಪಿತ ಸಿಲಿಕಾ ಆ ಸ್ಥಾನಕ್ಕೆ ಬಂದಿತು. ಪ್ರತಿಶತ 40 ಮತ್ತು 80ರ ಎರಡು ಪದರಗಳ ಕ್ರಮವೇ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ವಿವರಿಸಲ್ಪಟ್ಟಿರುವುದು. ಮಿಲಾನಿನ ಸೆಂಪ್ರಿನಿ ಎಂಬ ವೈದ್ಯನು 1992ರಲ್ಲಿ ಇಂತಹ ಸಂಸ್ಕರಣದ ಮೂಲಕ ಎಚ್‌ಐವಿ ಸೋಂಕಿದ್ದ ಪುರುಷರ ಪತ್ನಿಯರಿಗೆ ಸೋಂಕು ತಗಲದಂತೆ ಸಂತಾನವನ್ನು ದೊರಕಿಸಿದ ವರದಿಯನ್ನು ಪ್ರಕಟಿಸಿದುದು, ಈ ವಿದ್ಯೆಗೆ ಬಂದ ಅನಿರೀಕ್ಷಿತ ಗೌರವ.

ಅದೇ ವರ್ಷ ಬ್ರಸೆಲ್ಸಿನಿಂದ ಪಾಲರ್ಮೊ ಮತ್ತು ಸಂಗಡಿಗರು ಇಕ್ಸಿ ವಿಧಾನವನ್ನು, ಎಂದರೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವುದನ್ನು, ಲೋಕಕ್ಕೆ ತಿಳಿಸಿದರು. ಒಂದೇ ಸಾಕೆಂದಾದಾಗ, ಯಾವುದು ಎಂಬ ಪ್ರಶ್ನೆ ಎದ್ದಿತು. ಆರು ಸಾವಿರ ಪಟ್ಟು ಹಿಗ್ಗಿಸಿ ತಲೆಯ ರಂಧ್ರಗಳನ್ನು ಹುಡುಕುವುದು, ಹಯಲುರೊನಿಕ್ ಆಮ್ಲಕ್ಕೆ ಅಂಟಿಕೊಳ್ಳುವುದನ್ನು ಪರೀಕ್ಷಿಸುವುದು, ಸಾಯತೊಡಗಿದುವನ್ನು ಅಯಸ್ಕಾಂತ ಕಣಗಳಿಂದ ಹಿಡಿದು ತೆಗೆಯುವುದು, ಕೂದಲೆಳೆಯಂತಹ ಕಾಲುವೆಗಳಲ್ಲಿ ಈಜಿಸುವುದು, ಹೀಗೆ ಉಪಾಯಗಳು ಒಂದರ ಹಿಂದೊಂದು ಬಂದುವು, ಬೆಲೆಯೂ ಏರಿತು. ಬ್ರಿಟನ್ನಿನಲ್ಲಿ 2772 ದಂಪತಿಗಳನ್ನು ಒಳಗೊಂಡು ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯು, ಹಯಲುರೊನಿಕ್ ಆಮ್ಲದ ಆಯ್ಕೆಯಿಂದ ಜೀವಂತ ಜನನಗಳು ಗಣನೀಯವಾಗಿ ಹೆಚ್ಚಲಿಲ್ಲವೆಂದು ಹೇಳಿತು. ಉಳಿದುವುಗಳಲ್ಲಿಯೂ ಆಶ್ವಾಸನೆಗೆ ತಕ್ಕ ಪ್ರಮಾಣ ಬಂದಿಲ್ಲ.

ಆಯ್ಕೆಯ ಆಸೆ ಅತ್ಯಂತ ವಿವಾದಕ್ಕೀಡಾದುದು ಲಿಂಗದ ವಿಷಯದಲ್ಲಿ. ಗಂಡು ಸಂತಾನಕ್ಕೆ ಕಾರಣವಾದ ವೈ ವೀರ್ಯಾಣುಗಳು ಆಲ್ಬುಮಿನ್ ದ್ರವದಲ್ಲಿ ವೇಗವಾಗಿ ಇಳಿಯುತ್ತವೆಂದು ಎರಿಕ್ಸನ್ ಮತ್ತು ಸಂಗಡಿಗರು 1973ರಲ್ಲಿ ಸಾರಿದ ಮಾತನ್ನು ಅನಂತರದ ಡಿಎನ್‌ಎ ಪರೀಕ್ಷೆಗಳು ಎತ್ತಿಹಿಡಿಯಲಿಲ್ಲ. ನಿಜವಾಗಿ ಬೇರ್ಪಡಿಸಬಲ್ಲ ಯಂತ್ರವನ್ನು ಅಮೆರಿಕದ ಕೃಷಿ ಇಲಾಖೆಯ ಲಾರೆನ್ಸ್ ಜಾನ್ಸನ್ 1989ರಲ್ಲಿ ಮೊಲಗಳಲ್ಲಿ ಸಫಲಗೊಳಿಸಿದನು. ವರ್ಣದ್ರವ್ಯ ಹಚ್ಚಿದ ವೀರ್ಯಾಣುಗಳನ್ನು ಲೇಸರ್ ಕಿರಣದ ಮುಂದೆ ಹಾಯಿಸಿ, ಡಿಎನ್‌ಎ ಪ್ರಮಾಣದಲ್ಲಿನ ಅಲ್ಪ ಅಂತರದಿಂದ ಗುರುತಿಸುವ ಯುಕ್ತಿ ಅದು. ಮಾನವನಲ್ಲಿ ಆ ಅಂತರ ಪ್ರತಿಶತ 2.8 ಮಾತ್ರ, ದನಗಳಲ್ಲಿ 3.8ರಷ್ಟು. ಭಾರತದಲ್ಲಿ 1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆಯನ್ನು 2003ರಲ್ಲಿ ತಿದ್ದಿ, ಗರ್ಭಧಾರಣೆಗೆ ಮುನ್ನ ನಡೆಸುವ ಇಂತಹ ಲಿಂಗ ಆಯ್ಕೆಯನ್ನೂ ನಿಷೇಧಿಸಲಾಯಿತು. ಮನುಷ್ಯರ ಮಟ್ಟಿಗೆ ಇಲ್ಲಿ ಅಪರಾಧವೆನಿಸಿದ ಅದೇ ಯುಕ್ತಿ, ಹೆಣ್ಣುಕರುಗಳನ್ನು ಬಯಸುವ ಹೈನುಗಾರಿಕೆಯಲ್ಲಿ ಸರ್ಕಾರದ ಪ್ರೋತ್ಸಾಹದಿಂದಲೇ ನಡೆಯುತ್ತಿದೆ.