ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮ

ಬಾಂಗ್ಲಾದೇಶದ ತಯಾರಿಕಾ ವಲಯದ ಬೆನ್ನೆಲುಬು ಸಿದ್ಧ ಉಡುಪು. ಒಂದು ಕಾಲಕ್ಕೆ ಸೆಣಬನ್ನು ನೆಚ್ಚಿದ್ದ ದೇಶದ ರಫ್ತು ಗಳಿಕೆಯಲ್ಲಿ ಈಗ ಶೇ. 80ಕ್ಕೂ ಹೆಚ್ಚು ಪಾಲು ಇದರದೇ.

1978ರಲ್ಲಿ ದೇಶ್ ಗಾರ್ಮೆಂಟ್ಸ್ ಕಂಪನಿಯು ದಕ್ಷಿಣ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡಿತು. ಶ್ರೀಮಂತ ದೇಶಗಳು ಕೊರಿಯಾದ ಬಟ್ಟೆಗೆ ಕೋಟಾ ಮಿತಿ ಹಾಕಿದ್ದವು; ಬಾಂಗ್ಲಾದೇಶಕ್ಕೆ ಆಗ ಆ ತಡೆ ಇರಲಿಲ್ಲ. ದೇಶ್‌ನ ಸುಮಾರು 130 ಮಂದಿ ಕೊರಿಯಾದ ಬುಸಾನ್‌ನಲ್ಲಿ ತರಬೇತಿ ಪಡೆದು ಬಂದರು. ಅವರಲ್ಲಿ ಬಹುತೇಕರು ಮುಂದೆ ಬೇರೆ ಕಾರ್ಖಾನೆಗಳನ್ನು ಕಟ್ಟಿದರು, ಇಲ್ಲವೇ ಸೇರಿದರು. ಕಸುಬು ಕೈಯಿಂದ ಕೈಗೆ ಹಬ್ಬಿತು. ವಿದೇಶಿ ಖರೀದಿದಾರನ ಬ್ಯಾಂಕ್ ನೀಡುವ ಪಾವತಿ ಖಾತರಿಯನ್ನೇ (ಎಲ್‌ಸಿ) ಆಧಾರವಾಗಿಟ್ಟು ಬಟ್ಟೆ ತರಿಸುವ ವ್ಯವಸ್ಥೆ, ರಫ್ತಿನ ಕಚ್ಚಾಮಾಲಿಗೆ ಸುಂಕವಿಲ್ಲದ ಗೋದಾಮು ಸಣ್ಣ ಬಂಡವಾಳದವರಿಗೂ ದಾರಿ ತೆರೆದವು.

ಹೊಲಿಗೆ ಸಾಲಿನಲ್ಲಿ ಒಂದು ಅಂಗಿ ಹತ್ತಾರು ಕೈ ದಾಟುತ್ತದೆ: ಒಬ್ಬರು ಕಾಲರ್ ಹೊಲಿದರೆ, ಮುಂದಿನವರು ತೋಳು ಜೋಡಿಸುತ್ತಾರೆ, ಮತ್ತೊಬ್ಬರು ಗುಂಡಿ ಹಾಕುತ್ತಾರೆ. ಇಲ್ಲಿ ದುಡಿಯುವ ಸುಮಾರು 40 ಲಕ್ಷ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಹಳ್ಳಿಯಿಂದ ಬಂದ ಎಷ್ಟೋ ಹೆಣ್ಣುಮಕ್ಕಳ ಕೈಗೆ ಮೊದಲ ಸಂಬಳ ಬಂದದ್ದು ಇಲ್ಲಿಂದಲೇ.

ಈ ಬೆಳವಣಿಗೆಗೆ ಜೀವಗಳೂ ಬಲಿಯಾಗಿವೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆ ದುರಂತದ ಬಳಿಕ ಅಂತರರಾಷ್ಟ್ರೀಯ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ಒಪ್ಪಂದದಡಿ ಕಾರ್ಖಾನೆಗಳ ಸುರಕ್ಷತಾ ತಪಾಸಣೆ ಶುರುವಾಯಿತು.