ಸ್ಪೆಕ್ಟ್ರೋಫೋಟೋಮೀಟರಿನ ಮಾಪನಾಂಕ ನಿರ್ಣಯ

ದ್ರಾವಣವೊಂದು ನಿರ್ದಿಷ್ಟ ತರಂಗದೂರದ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತದೆ ಎಂದು ಅಳೆದು, ಅದರಲ್ಲಿ ಕರಗಿರುವ ವಸ್ತುವಿನ ಪ್ರಮಾಣ ತಿಳಿಸುವ ಉಪಕರಣ ಸ್ಪೆಕ್ಟ್ರೋಫೋಟೋಮೀಟರ್. ಅದು ತೋರಿಸುವ ಅಂಕಿಯನ್ನು, ಮೌಲ್ಯ ಮೊದಲೇ ಪ್ರಮಾಣೀಕರಿಸಿದ ಫಿಲ್ಟರ್‌ಗಳ ನೆರವಿನಿಂದ ತಾಳೆ ನೋಡುವ ಕ್ರಮಕ್ಕೆ ಮಾಪನಾಂಕ ನಿರ್ಣಯ ಅಥವಾ ಕ್ಯಾಲಿಬ್ರೇಷನ್ ಎಂದು ಹೆಸರು.

ಸ್ಥಳೀಯ ಮಹತ್ವ: 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಹಳ್ಳಿಗಳು ಬಹುಕಾಲದಿಂದ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿವೆ. ಇಲ್ಲಿನ ಗಟ್ಟಿಶಿಲೆಯ ಬಿರುಕುಗಳಲ್ಲಿ ನಿಂತ ನೀರಿಗೆ ಬಂಡೆಯ ಖನಿಜಗಳಿಂದ ಫ್ಲೋರೈಡ್ ಸೇರುತ್ತದೆ. ಅದು ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು, ಮೂಳೆಗಳ ಫ್ಲೋರೋಸಿಸ್ ಬರುತ್ತದೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ನಡುವಿನ ಅಂತರ ಅರ್ಧ ಮಿಲಿಗ್ರಾಂ ಮಾತ್ರ. ಹಾಗಾಗಿ ಅಳತೆಯಲ್ಲಿನ ಸಣ್ಣ ತಪ್ಪೂ ಕುಡಿಯಬಾರದ ನೀರನ್ನು ಕುಡಿಯಲು ಯೋಗ್ಯವೆಂದು ತೋರಿಸಬಲ್ಲದು.

ತತ್ತ್ವ: ಬಿಯರ್–ಲ್ಯಾಂಬರ್ಟ್ ನಿಯಮದಂತೆ ಹೀರಿಕೆಯು ದ್ರಾವಣದ ಸಾರತೆಗೂ ಬೆಳಕು ಸಾಗುವ ದೂರಕ್ಕೂ ಅನುಪಾತದಲ್ಲಿರುತ್ತದೆ. ಬಿದ್ದ ಬೆಳಕಿನಲ್ಲಿ ಶೇ. 10 ಹಾದುಹೋದರೆ ಹೀರಿಕೆ 1, ಶೇ. 1 ಮಾತ್ರ ಹಾದುಹೋದರೆ 2. ಉಪಕರಣದಲ್ಲಿ ಮೂರು ಅಂಶಗಳನ್ನು ಪರೀಕ್ಷಿಸಬೇಕಾಗುತ್ತದೆ: ತರಂಗದೂರ ಸರಿಯಿದೆಯೇ, ಹೀರಿಕೆಯ ಅಂಕಿ ಸರಿಯಿದೆಯೇ, ಬೇಡದ ಬೆಳಕು ಒಳಗೆ ಸೋರುತ್ತಿದೆಯೇ.

ಫಿಲ್ಟರ್‌ಗಳು: ತರಂಗದೂರದ ಪರೀಕ್ಷೆಗೆ ಹೋಲ್ಮಿಯಂ ಆಕ್ಸೈಡ್ ಸೇರಿಸಿದ ಗಾಜು ಬಳಕೆಯಲ್ಲಿದೆ. ಅದು ಸುಮಾರು 361, 460, 536, 638 ನ್ಯಾನೋಮೀಟರ್‌ಗಳ ಬಳಿ ಚೂಪಾದ ಶಿಖರಗಳನ್ನು ತೋರುತ್ತದೆ. ಹೀರಿಕೆಯ ಪರೀಕ್ಷೆಗೆ ಬೂದು ಬಣ್ಣದ ತಟಸ್ಥ ಗಾಜು ಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ 930ನೇ ಸಂಖ್ಯೆಯ ಸೆಟ್ಟಿನಲ್ಲಿ ಸುಮಾರು ಶೇ. 10, 20, 30ರಷ್ಟು ಬೆಳಕು ಹಾಯಿಸುವ ಮೂರು ಫಿಲ್ಟರ್‌ಗಳಿದ್ದು, 440ರಿಂದ 635 ನ್ಯಾನೋಮೀಟರ್ ನಡುವಿನ ಐದು ತರಂಗದೂರಗಳಲ್ಲಿ ಅವುಗಳ ಮೌಲ್ಯ ಪ್ರಮಾಣಿತವಾಗಿದೆ. ಗಾಜು ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ಆ ಭಾಗಕ್ಕೆ ಕ್ರೋಮಿಯಂ ಲೇಪಿತ ಕ್ವಾರ್ಟ್ಜ್ ಫಿಲ್ಟರನ್ನೋ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನೋ ಬಳಸುತ್ತಾರೆ. ಸೋರುವ ಬೆಳಕನ್ನು ಪತ್ತೆಹಚ್ಚಲು ಲೀಟರಿಗೆ 12 ಗ್ರಾಂ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣ ಸಾಕು. 198 ನ್ಯಾನೋಮೀಟರಿನಲ್ಲಿ ಅದರ ಹೀರಿಕೆ 2ಕ್ಕಿಂತ ಹೆಚ್ಚಿರಬೇಕು.

ವಿಧಾನ: ಉಪಕರಣವನ್ನು ಅರ್ಧ ಗಂಟೆ ಚಾಲೂ ಇಟ್ಟು, ದೀಪ ಸ್ಥಿರವಾದ ಮೇಲೆ ಖಾಲಿ ಹಿಡಿಕೆಯಿಂದ ಸೊನ್ನೆ ಹೊಂದಿಸುತ್ತಾರೆ. ಫಿಲ್ಟರನ್ನು ಅಂಚಿನಲ್ಲಷ್ಟೇ ಹಿಡಿದು, ಪ್ರತಿಸಲವೂ ಅದೇ ಮುಖ ದೀಪದ ಕಡೆಗಿರುವಂತೆ ಇಟ್ಟು, ಹಲವು ಬಾರಿ ಓದಿ ಸರಾಸರಿ ತೆಗೆಯುತ್ತಾರೆ. ಉದಾಹರಣೆಗೆ, ಪ್ರಮಾಣಪತ್ರದಲ್ಲಿ 0.510 ಎಂದಿರುವ ಫಿಲ್ಟರಿಗೆ ಉಪಕರಣ 0.517 ತೋರಿಸಿದರೆ ವ್ಯತ್ಯಾಸ 0.007. ಒಪ್ಪಿತ ಮಿತಿ 0.010 ಆಗಿದ್ದರೆ ಉಪಕರಣ ತೇರ್ಗಡೆ. ಮೀರಿದ್ದರೆ ದುರಸ್ತಿಯಾಗುವವರೆಗೆ ಅದನ್ನು ಬಳಸುವಂತಿಲ್ಲ.

ಫ್ಲೋರೈಡ್ ಪರೀಕ್ಷೆಯಲ್ಲಿ: ಸ್ಪ್ಯಾಡ್ನ್ಸ್ ವಿಧಾನದಲ್ಲಿ ಜಿರ್ಕೋನಿಯಂ ಸೇರಿದ ಕೆಂಪು ಬಣ್ಣವನ್ನು ಫ್ಲೋರೈಡ್ ತಿಳಿಯಾಗಿಸುತ್ತದೆ. 570 ನ್ಯಾನೋಮೀಟರಿನಲ್ಲಿ ಹೀರಿಕೆ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು. ಈ ವಿಧಾನದ ವ್ಯಾಪ್ತಿ ಸುಮಾರು 1.4 ಮಿ.ಗ್ರಾಂವರೆಗೆ ಇರುವುದರಿಂದ ಹೆಚ್ಚು ಫ್ಲೋರೈಡಿನ ನೀರನ್ನು ಬಟ್ಟಿ ಇಳಿಸಿದ ನೀರಿನಿಂದ ತೆಳುಗೊಳಿಸಿ ಅಳೆಯಬೇಕು. ಅದೇ ದಿನ ತಯಾರಿಸಿದ ಮಾನಕ ದ್ರಾವಣಗಳ ರೇಖೆ ಉಪಕರಣದ ಸಣ್ಣ ದೋಷವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೆ ಯಂತ್ರದಲ್ಲಿ ಮೊದಲೇ ಉಳಿಸಿಟ್ಟ ರೇಖೆಯನ್ನು ನಂಬಿದರೆ ದೋಷ ನೇರವಾಗಿ ವರದಿಗೆ ಇಳಿಯುತ್ತದೆ. ರೇಖೆ ಬಾಗಿದಾಗ ತಪ್ಪು ರಾಸಾಯನಿಕದ್ದೋ ಯಂತ್ರದ್ದೋ ಎಂದು ನಿರ್ಧರಿಸಲು ಫಿಲ್ಟರೇ ಆಧಾರ.

ಜಾಡು ಮತ್ತು ನಿರ್ವಹಣೆ: ದೇಶದ ಅಳತೆಗಳ ಮೂಲ ಮಾನಕಗಳನ್ನು ಕಾಪಾಡುವುದು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಪ್ರಯೋಗಾಲಯಗಳಿಗೆ ಐಎಸ್ಒ/ಐಇಸಿ 17025ರಂತೆ ಮಾನ್ಯತೆ ನೀಡುವುದು ಎನ್ಎಬಿಎಲ್. ಅಳತೆಯ ಜಾಡು ಮೂಲ ಮಾನಕದವರೆಗೆ ಕಡಿಯದೆ ತಲುಪಬೇಕೆಂಬುದು ಅದರ ಮುಖ್ಯ ನಿಯಮ. ಬೆರಳಚ್ಚು, ಧೂಳು, ಗೀರುಗಳಿಂದ ಫಿಲ್ಟರಿನ ಮೌಲ್ಯವೇ ಬದಲಾಗುವುದರಿಂದ, ಪ್ರಮಾಣಪತ್ರದ ಅವಧಿ ಮುಗಿದ ಫಿಲ್ಟರುಗಳನ್ನು ಮರುಪ್ರಮಾಣೀಕರಣಕ್ಕೆ ಕಳುಹಿಸಬೇಕು.